ವಜ್ರ ಸಿಕ್ಕಿತು, ಸರಿ. ಆಮೇಲೆ?

ನಮಸ್ಕಾರ. ಕಳೆದ ವಿಡಿಯೊದಲ್ಲಿ ಆಫ್ರಿಕಾದ ಅಕ್ಕಪಕ್ಕದ ದೇಶಗಳಾದ ಬೋಟ್ಸ್ವಾನಾ ಮತ್ತು ಜಿಂಬಾಬ್ವೆ ಬಗ್ಗೆ ಎರಡು ಮಾತು ಹೇಳಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಬೋಟ್ಸ್ವಾನಾಗೆ ವಜ್ರ ಸಿಕ್ಕಿತು, ಬಚಾವಾಯಿತು. ಜಿಂಬಾಬ್ವೆಗೆ ಅದೃಷ್ಟ ಇರಲಿಲ್ಲ. ಅಷ್ಟೇ." ಅದಕ್ಕೆ ರಾಶಿ ಲೈಕು ಬೇರೆ! ಓದಿ ಮೈ ಉರಿದುಹೋಯಿತು. ಇವತ್ತಿನ ಎಪಿಸೋಡ್ ಪೂರ್ತಿ ಇದಕ್ಕೇ.

ನಾನು ಹೇಳುವುದು ಇಷ್ಟೇ. ಒಂದು ದೇಶದ ಜನ ನೆಮ್ಮದಿಯಾಗಿದ್ದಾರಾ ಅಂತ ತಿಳಿಯಬೇಕಾದರೆ ನೆಲದಡಿ ಏನಿದೆ ಅಂತ ಅಗೆಯುತ್ತಾ ಕೂರಬೇಡಿ. ಈ ತಿಂಗಳ ಸಂಬಳದಲ್ಲಿ ಉಳಿಸಿದ ದುಡ್ಡು ಹತ್ತು ವರ್ಷದ ಮೇಲೂ ದುಡ್ಡಾಗಿ ಇರುತ್ತದಾ? ಅದನ್ನು ಕೇಳಿ.

ಮೊದಲು ಈ ಅದೃಷ್ಟದ ಲೆಕ್ಕ ಮುಗಿಸೋಣ. 1966ರಲ್ಲಿ ಸ್ವಾತಂತ್ರ್ಯ ಬಂದಾಗ ಬೋಟ್ಸ್ವಾನಾ ಜಗತ್ತಿನ ತೀರಾ ಬಡ ದೇಶಗಳಲ್ಲಿ ಒಂದು. ಬಹುಪಾಲು ನೆಲ ಕಲಹಾರಿ ಮರಳು. ಡಾಂಬರು ರಸ್ತೆ ಸುಮಾರು 12 ಕಿಲೋಮೀಟರ್. ಒಂದು ಊರಿಗಲ್ಲ, ಇಡೀ ದೇಶಕ್ಕೆ! ಜಿಂಬಾಬ್ವೆ ಸ್ವತಂತ್ರವಾಗಿದ್ದು 1980ರಲ್ಲಿ. ಅಷ್ಟೊತ್ತಿಗೆ ಅಲ್ಲಿ ರೈಲು ಇತ್ತು, ಕಾರ್ಖಾನೆ ಇತ್ತು, ಕರೀಬಾ ಅಣೆಕಟ್ಟಿನ ಕರೆಂಟ್ ಇತ್ತು. ತಂಬಾಕು, ಚಿನ್ನ, ಕ್ರೋಮ್ ಎಲ್ಲವೂ ಇತ್ತು. ಅವರ ಒಂದು ಡಾಲರ್‌ಗೆ ಅಮೆರಿಕದ ಡಾಲರ್‌ಗಿಂತ ಜಾಸ್ತಿ ಬೆಲೆ ಇತ್ತು. ಅದೃಷ್ಟ ಯಾರ ಕಡೆ ಇತ್ತು, ನೀವೇ ಹೇಳಿ.

ಈಗ ವಜ್ರಕ್ಕೆ ಬರೋಣ. 1967ರಲ್ಲಿ ಬೋಟ್ಸ್ವಾನಾದ ಒರಾಪಾದಲ್ಲಿ ವಜ್ರ ಸಿಕ್ಕಿತು. ಆ ಜಾಗ ಬಾಂಗ್ವಾಟೊ ಕುಲದ ಸೀಮೆ. ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಅದೇ ಕುಲದ ಅರಸು ಮನೆತನದವರು. "ನಮ್ಮ ಮಣ್ಣು, ನಮ್ಮ ವಜ್ರ" ಅಂದಿದ್ದರೆ ಅಡ್ಡ ಬರುವವರು ಯಾರಿದ್ದರು? ಅವರು ಹಾಗನ್ನಲಿಲ್ಲ. ಅದೇ ವರ್ಷ ಕಾನೂನು ಬಂತು: ನೆಲದಡಿಯ ಖನಿಜ ಕುಲದ್ದಲ್ಲ, ದೇಶದ್ದು. ಆಮೇಲೆ ಡಿ ಬಿಯರ್ಸ್ ಅನ್ನುವ ದೊಡ್ಡ ವಜ್ರದ ಕಂಪನಿ ಜೊತೆ ಪಟ್ಟು ಹಿಡಿದು ಚೌಕಾಸಿ ಮಾಡಿ ಗಣಿ ಕಂಪನಿಯಲ್ಲಿ ಅರ್ಧ ಪಾಲು ಪಡೆದರು. 1976ರಲ್ಲಿ ಸ್ವಂತ ಹಣ ತಂದರು, ಪುಲಾ. 1994ರಲ್ಲಿ ಪುಲಾ ಫಂಡ್ ಅಂತ ಮಾಡಿ ವಜ್ರದ ದುಡ್ಡನ್ನು ಮುಂದಿನವರಿಗೆ ತೆಗೆದಿಟ್ಟರು. ಇದಕ್ಕೆ ಅದೃಷ್ಟ ಅಂತೀರಾ?

ಜಿಂಬಾಬ್ವೆಗೂ ವಜ್ರ ಸಿಕ್ಕಿತು ಸ್ವಾಮಿ! ಮರಾಂಗೆ ಅಂತ ಜಾಗ, 2006ರಲ್ಲಿ. ಹತ್ತು ವರ್ಷದ ನಂತರ ಆಗಿನ ಅಧ್ಯಕ್ಷ ಮುಗಾಬೆಯೇ ಟಿವಿಯಲ್ಲಿ ಕೂತು ಹೇಳಿದರು: 1500 ಕೋಟಿ ಡಾಲರ್‌ಗೂ ಜಾಸ್ತಿ ವಜ್ರ ಹೋಗಿರಬೇಕು, ದೇಶಕ್ಕೆ ಬಂದಿದ್ದು 200 ಕೋಟಿಯೂ ದಾಟಿಲ್ಲ ಅಂತ. ಆಳುತ್ತಿದ್ದವರು ಯಾರು? ಅವರೇ.

  

ಇಲ್ಲಿ ಸ್ಕ್ರೀನ್ ಮೇಲೆ ನೋಡಿ. ಇದು ಜಿಂಬಾಬ್ವೆಯ ನೋಟು, 2009ರದ್ದು. ಒಂದು ಕಡೆ ಬಂಡೆ ಮೇಲೆ ಬಂಡೆ, ಇನ್ನೊಂದು ಕಡೆ ಜಲಪಾತ ಮತ್ತು ಕಾಡೆಮ್ಮೆ. ಸೊನ್ನೆ ಎಣಿಸಿ. 14! ನೂರು ಲಕ್ಷ ಕೋಟಿ ಡಾಲರ್, ಒಂದೇ ನೋಟಿನಲ್ಲಿ. 2015ರಲ್ಲಿ ಆ ಹಳೇ ಹಣವನ್ನು ಪೂರ್ತಿ ರದ್ದು ಮಾಡಿದರು. ಖಾತೆಯಲ್ಲಿ ಲಕ್ಷ ಲಕ್ಷ ಕೋಟಿ ಇದ್ದವರಿಗೂ ಸಿಕ್ಕಿದ್ದು 5 ಅಮೆರಿಕನ್ ಡಾಲರ್. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು ಬ್ಯಾಂಕಿಗೆ ಹೋಗಿ ಐದು ಡಾಲರ್ ತಗೊಂಡು ಮನೆಗೆ ಬರಬೇಕು. ಹೊಟ್ಟೆ ಉರಿಯುವುದಿಲ್ವಾ?

ಅಷ್ಟಕ್ಕೇ ನಿಂತಿತಾ? 2016ರಲ್ಲಿ ಬಾಂಡ್ ನೋಟು, ಅಮೆರಿಕದ ಡಾಲರ್‌ಗೆ ಸಮ ಅಂತ ಹೇಳಿ ಅಚ್ಚು ಹಾಕಿದ್ದು. 2019ರಲ್ಲಿ ಮತ್ತೆ ಸ್ವಂತ ಡಾಲರ್. 2024ರ ಏಪ್ರಿಲ್‌ನಲ್ಲಿ ಜಿಗ್ ಅಂತ ಇನ್ನೊಂದು, ಅದಕ್ಕೆ ಚಿನ್ನದ ಬೆಂಬಲ ಇದೆಯಂತೆ. ಸೆಪ್ಟೆಂಬರ್ ಮುಗಿಯುವುದರೊಳಗೆ ಅದರ ಬೆಲೆಯನ್ನು ನೂರಕ್ಕೆ 40ಕ್ಕಿಂತ ಜಾಸ್ತಿ ಇಳಿಸಿದರು. ಪುಲಾ? 1976ರಿಂದ ಅದೇ ಪುಲಾ. ಸವೆದಿದೆ, ಸತ್ತಿಲ್ಲ.

"ಜಿಂಬಾಬ್ವೆ ಮೇಲೆ ಪಶ್ಚಿಮದ ದೇಶಗಳು ನಿರ್ಬಂಧ ಹಾಕಿದವು, ಅದಕ್ಕೇ ಹೀಗಾಯಿತು" ಅಂತಾರೆ ಕೆಲವರು. ಸೊನ್ನೆ ಸೇರಿಸಿ ಸೇರಿಸಿ ನೋಟು ಅಚ್ಚು ಹಾಕಿ ಅಂತ ನಿರ್ಬಂಧದಲ್ಲಿ ಬರೆದಿತ್ತಾ? "ಜಿಂಬಾಬ್ವೆ ರಾಜಧಾನಿ ಹರಾರೆ ಹವೆ ತುಂಬಾ ಚೆನ್ನಾಗಿದೆ" ಅಂತ ಇನ್ನೊಬ್ಬರು. ಹವೆ ತಿಂದು ಬದುಕೋಕೆ ಆಗುತ್ತಾ?

ಬೋಟ್ಸ್ವಾನಾದಲ್ಲಿ ಎಲ್ಲ ಸರಿ ಇದೆ ಅಂತ ನಾನು ಹೇಳಲೇ ಇಲ್ಲ. ಬಡವ ಬಲ್ಲಿದರ ನಡುವಿನ ಅಂತರ ಭಯಂಕರ. ವಜ್ರದ ಮಾರುಕಟ್ಟೆ ಬಿದ್ದಿದೆ. 2025ರಲ್ಲಿ ಆಸ್ಪತ್ರೆಗಳಿಗೆ ಔಷಧಿ ಸಾಲದೆ ತುರ್ತು ಪರಿಸ್ಥಿತಿ ಘೋಷಿಸಿದರು. ಗೊತ್ತು. ಆದರೆ ಎಚ್‌ಐವಿ ಮನೆಮನೆಗೆ ನುಗ್ಗಿದ್ದಾಗ, 2002ರಲ್ಲೇ, ಜನರಿಗೆ ಮಾತ್ರೆ ಉಚಿತವಾಗಿ ಕೊಡಲು ಶುರು ಮಾಡಿದ ದೇಶ ಅದು. ಕೈಯಲ್ಲಿ ಬೆಲೆಯಿರುವ ದುಡ್ಡು ಇತ್ತು, ಕೊಟ್ಟರು. ಮತ್ತೆ ಅದೇ ಮಾತು ನೋಡಿ!

ಇನ್ನೂ ನಂಬಿಕೆ ಬರಲಿಲ್ವಾ? ಎರಡೂ ದೇಶಗಳ ನಡುವಿನ ಪ್ಲಮ್‌ಟ್ರೀ ಗಡಿ ನೋಡಿ. ಕೆಲಸ ಹುಡುಕಿಕೊಂಡು ಜಿಂಬಾಬ್ವೆಯವರು ಬೋಟ್ಸ್ವಾನಾದ ಫ್ರಾನ್ಸಿಸ್‌ಟೌನ್ ಕಡೆ ಬರುತ್ತಾರೆ. ಓದಿದವರು, ಕಸುಬು ಗೊತ್ತಿದ್ದವರು. ಆ ಕಡೆಯಿಂದ ಈ ಕಡೆಗೆ! ಯಾಕೆ? ದುಡಿದಿದ್ದು ದುಡ್ಡಾಗಿ ಉಳಿಯಲಿ ಅಂತ. ಇದಕ್ಕಿಂತ ಬಿಡಿಸಿ ಹೇಳೋಕೆ ನನಗೆ ಬರಲ್ಲ.

ಚಾನೆಲ್‌ಗೆ ಸಬ್‌ಸ್ಕ್ರೈಬ್ ಆಗಿಲ್ಲದಿದ್ದರೆ ಈಗಲೇ ಆಗಿ. ಮುಂದಿನ ವಾರ ರುವಾಂಡಾ ಮತ್ತು ಬುರುಂಡಿ. ಅಲ್ಲಿ ವಜ್ರದ ನೆಪ ಹೇಳೋಕೂ ಆಗಲ್ಲ. ನೀವು ಯಾವ ಕಡೆ, ಯಾಕೆ, ಕೆಳಗೆ ಬರೆದಿಡಿ.