ದಿಮಿತ್ಸಾನ: ಮದ್ದು ಕುಟ್ಟಿದ ಬೆಟ್ಟದೂರು

ಕೇಳುಗರಿಗೆ ನಮಸ್ಕಾರ.

1821ರಲ್ಲಿ ಆಟೊಮನ್ ತುರ್ಕರ ಆಳ್ವಿಕೆಯ ವಿರುದ್ಧ ಗ್ರೀಕರು ಬಂಡೆದ್ದರು. ಆ ಯುದ್ಧದ ದಂಡನಾಯಕರಲ್ಲಿ ಬಹು ಪ್ರಸಿದ್ಧನಾದ ಥಿಯೊಡೊರೊಸ್ ಕೊಲೊಕೊಟ್ರೊನಿಸ್ ಮುಂದೆ ತನ್ನ ನೆನಪುಗಳನ್ನು ಹೇಳಿ ಬರೆಸಿದಾಗ, ಕೋವಿಯ ಮದ್ದು ತಮ್ಮಲ್ಲಿತ್ತು, ಅದನ್ನು ದಿಮಿತ್ಸಾನ ತಯಾರಿಸುತ್ತಿತ್ತು ಎಂದು ಸ್ಮರಿಸಿದ್ದಾನೆ. ಪೆಲೊಪೊನೀಸ್ ಪರ್ಯಾಯದ್ವೀಪದ ನಡುವೆ, ಆರ್ಕೇಡಿಯಾ ಪ್ರಾಂತ್ಯದಲ್ಲಿ, ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿ ಲೂಸಿಯೊಸ್ ನದಿಯ ಆಳವಾದ ಕಮರಿಯ ಮೇಲೆ ಕುಳಿತಿರುವ ಈ ಕಲ್ಲುಮನೆಗಳ ಹಳ್ಳಿಯ ಬಗ್ಗೆ ಇಂದು ಮಾತನಾಡಬೇಕೆಂದಿದ್ದೇನೆ.

ಈ ಊರು ನಿಂತಿರುವುದು ತ್ಯೂಥಿಸ್ ಎಂಬ ಪ್ರಾಚೀನ ಪಟ್ಟಣದ ನೆಲದ ಮೇಲೆ ಎನ್ನುತ್ತಾರೆ. ಕ್ರಿಸ್ತಶಕ ಎರಡನೆಯ ಶತಮಾನದ ಪ್ರವಾಸಿ ಪೌಸಾನಿಯಸ್ ಆ ಪಟ್ಟಣದ ಒಂದು ವಿಚಿತ್ರ ಕಥೆಯನ್ನು ದಾಖಲಿಸಿದ್ದಾನೆ. ಟ್ರಾಯ್ ಯುದ್ಧಕ್ಕೆ ಹೊರಟ ಇಲ್ಲಿಯ ನಾಯಕನು ಗ್ರೀಕ್ ಪಡೆಗಳ ಮುಖಂಡ ಅಗಮೆಮ್ನಾನನೊಡನೆ ಜಗಳವಾಡಿ ಪಡೆಯೊಂದಿಗೆ ಹಿಂದಿರುಗಲು ಸಿದ್ಧನಾದಾಗ, ಮನುಷ್ಯರೂಪದಲ್ಲಿ ಬಂದು ತಡೆದ ಅಥೀನಾ ದೇವಿಯ ತೊಡೆಗೆ ಈಟಿಯಿಂದ ಇರಿದನಂತೆ. ಅವನಿಗೆ ಕ್ಷಯಿಸುವ ರೋಗ ತಗುಲಿತು, ಅವನ ನೆಲ ಬಂಜೆಯಾಯಿತು. ಶಾಂತಿಗಾಗಿ ಮಾಡಿಸಿದ ದೇವಿಯ ಮೂರ್ತಿಯ ತೊಡೆಗೆ ಕೆನ್ನೇರಳೆ ಬಣ್ಣದ ಪಟ್ಟಿ ಸುತ್ತಿದ್ದುದನ್ನು ತಾನೇ ಕಂಡೆನೆಂದು ಪೌಸಾನಿಯಸ್ ಬರೆಯುತ್ತಾನೆ. ಹುಟ್ಟಿದ ಮಗು ಸ್ಯೂಸ್ ದೇವನಿಗೆ ಸ್ನಾನ ಮಾಡಿಸಿದ್ದರಿಂದ ನದಿಗೆ ಲೂಸಿಯೊಸ್ ಎಂಬ ಹೆಸರು ಬಂದಿತೆಂದೂ, ಇದರಷ್ಟು ತಣ್ಣನೆಯ ನದಿ ಬೇರೆಲ್ಲೂ ಇಲ್ಲವೆಂದೂ ಅವನದೇ ಮಾತು.

ದೇವರ ಮಗುವನ್ನು ಮೀಯಿಸಿತೆಂಬ ಈ ಕಣಿವೆಯಲ್ಲಿ, ಊರ ಸುತ್ತಣ ಊಟೆಗಳಿಂದ ಧುಮುಕುವ ನೀರೇ ಮದ್ದಿನ ಗಿರಣಿಗಳನ್ನೂ ತಿರುಗಿಸಿತು. ಕೋವಿಯ ಮದ್ದೆಂದರೆ ಪೆಟ್ಲುಪ್ಪು, ಗಂಧಕ ಮತ್ತು ಇದ್ದಿಲು, ಈ ಮೂರರ ಮಿಶ್ರಣ. ಇವನ್ನು ಒಂದರೊಳಗೊಂದು ಬೆರೆಯುವಂತೆ ಗಂಟೆಗಟ್ಟಲೆ ಕುಟ್ಟಬೇಕು, ಕಿಡಿ ಹೊತ್ತದಂತೆ ತೇವವನ್ನು ಕಾಯ್ದುಕೊಳ್ಳಬೇಕು. ಎತ್ತರದಿಂದ ಬಿದ್ದ ನೀರು ಚಕ್ರವನ್ನು ತಿರುಗಿಸುತ್ತದೆ. ಚಕ್ರದೊಡನೆ ತಿರುಗುವ ಮರದ ಅಚ್ಚಿನ ಗೂಟಗಳು ಸಾಲಾಗಿ ನಿಂತ ಒನಕೆಗಳನ್ನು ಸರದಿಯ ಮೇಲೆ ಎತ್ತಿ ಒರಳಿಗೆ ಬಿಡುತ್ತವೆ. ನಮ್ಮ ಅಜ್ಜಿಯರು ಅವಲಕ್ಕಿ ಕುಟ್ಟುತ್ತಿದ್ದ ಕೆಲಸವೇ ಇದು, ಆದರೆ ಇಲ್ಲಿ ಒಂದು ಕಿಡಿ ಹಾರಿದರೆ ಗಿರಣಿಯೇ ಉಳಿಯುತ್ತಿರಲಿಲ್ಲ. ದಂಗೆಯ ಕಾಲದಲ್ಲಿ ಇಂಥ 14 ಗಿರಣಿಗಳು ಇಲ್ಲಿದ್ದವು. ಸ್ವಾತಂತ್ರ್ಯಕ್ಕಾಗಿ ಗುಟ್ಟಾಗಿ ಕೆಲಸ ಮಾಡುತ್ತಿದ್ದ 'ಫಿಲಿಕಿ ಎತೇರಿಯಾ' ಸಂಘದ ಸದಸ್ಯರಾದ ಸ್ಪಿಲಿಯೊಟೊಪೌಲೊಸ್ ಸಹೋದರರು ಈ ತಯಾರಿಕೆಯ ಮುಂದಾಳುಗಳಾಗಿದ್ದರು.

ಮದ್ದಿದ್ದರೆ ಸಾಲದು, ಮದ್ದನ್ನೂ ಗುಂಡನ್ನೂ ಸುತ್ತಿ ತೋಟಾ ಮಾಡಲು ಕಾಗದ ಬೇಕು. ಆ ಕಾಗದ ಸಿಕ್ಕಿದ್ದು ಊರಿನ ಗ್ರಂಥಾಲಯದಲ್ಲಿ. 1764ರಲ್ಲಿ ಇಬ್ಬರು ಸನ್ಯಾಸಿಗಳು ಸ್ಥಾಪಿಸಿದ ಇಲ್ಲಿಯ ಶಾಲೆ ಅನೇಕ ಬಿಷಪ್ಪರನ್ನು ರೂಪಿಸಿತ್ತು. ಅದರೊಂದಿಗೆ ಬೆಳೆದ ಪುಸ್ತಕಭಂಡಾರ ಆ ಬೆಟ್ಟನಾಡಿನ ಹೆಮ್ಮೆಯಾಗಿತ್ತು. ಅದರ ಬಹುಪಾಲು ಗ್ರಂಥಗಳ ಹಾಳೆಗಳನ್ನು ಊರವರೇ ಹರಿದು ತೋಟಾ ಸುತ್ತಿದರು. ಇದನ್ನು ತ್ಯಾಗವೆಂದು ಕೊಂಡಾಡುವವರು ಬಹಳ ಮಂದಿ. ಆ ಹಾಳೆಗಳಲ್ಲಿ ಏನೇನಿತ್ತೋ ಎಂಬ ಕೊರಗು ನನ್ನನ್ನಂತೂ ಬಿಡದು. ಅಳಿದುಳಿದ ಪುಸ್ತಕಗಳ ಸುತ್ತ ಮತ್ತೆ ಬೆಳೆದ ಗ್ರಂಥಾಲಯ ಇಂದಿಗೂ ಊರ ನಡುವೆ ಇದೆ.

ಈ ಹಳ್ಳಿಯ ಇಬ್ಬರು ಮಕ್ಕಳ ಕಥೆ ಇನ್ನೂ ತೊಡಕಿನದು. 1746ರಲ್ಲಿ ಇಲ್ಲಿ ಹುಟ್ಟಿ ಕಾನ್‌ಸ್ಟಾಂಟಿನೋಪಲ್‌ನ ಕುಲಪಿತೃವಾದ, ಅಂದರೆ ಆರ್ಥೊಡಾಕ್ಸ್ ಕ್ರೈಸ್ತರ ಹಿರಿಯ ಧರ್ಮಗುರುವಾದ ಐದನೆಯ ಗ್ರಿಗೊರಿಯೊಸ್, ಸುಲ್ತಾನನ ಒತ್ತಡದ ನಡುವೆ ಬಂಡಾಯಗಾರರಿಗೆ ಧರ್ಮಬಹಿಷ್ಕಾರ ವಿಧಿಸಿದ. ಆದರೂ 1821ರ ಈಸ್ಟರ್ ದಿನ ಅವನನ್ನು ತನ್ನ ಪೀಠದ ಹೆಬ್ಬಾಗಿಲಲ್ಲೇ ಗಲ್ಲಿಗೇರಿಸಲಾಯಿತು. ಆ ಬಾಗಿಲು ಇಂದಿಗೂ ಮುಚ್ಚಿಯೇ ಇದೆ. ಕಡಲಿಗೆಸೆದ ಅವನ ದೇಹವನ್ನು ಹಡಗೊಂದರವರು ಎತ್ತಿಕೊಂಡು ಒಡೆಸ್ಸಾಕ್ಕೆ ಒಯ್ದರು, 1871ರಲ್ಲಿ ಅದು ಅಥೆನ್ಸ್‌ಗೆ ಬಂದಿತು. ಇದೇ ಊರಿನ ಇನ್ನೊಬ್ಬ, ಪಾತ್ರಾಸ್‌ನ ಬಿಷಪ್ ಗೆರ್ಮಾನೊಸ್, ಆಗಿಯಾ ಲಾವ್ರಾ ಮಠದಲ್ಲಿ ದಂಗೆಯ ಬಾವುಟವನ್ನು ಹರಸಿದನೆಂದು ಐತಿಹ್ಯವಿದೆ. ಇತಿಹಾಸಕಾರರು ಇದನ್ನು ಅಷ್ಟಾಗಿ ಒಪ್ಪುವುದಿಲ್ಲ. ಹೀಗೆ ಊರ ಒಬ್ಬ ಮಗ ಬಂಡಾಯವನ್ನು ಶಪಿಸಿದ, ಇನ್ನೊಬ್ಬ ಹರಸಿದನೆಂದು ಜನ ನಂಬಿದರು. ಗ್ರಿಗೊರಿಯೊಸ್ ಹುಟ್ಟಿದ ಮನೆಯಲ್ಲಿ ಈಗ ಧಾರ್ಮಿಕ ವಸ್ತುಸಂಗ್ರಹಾಲಯವಿದೆ.

ಊರಿನಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ 1997ರಲ್ಲಿ ತೆರೆದ ಜಲಶಕ್ತಿಯ ಬಯಲು ವಸ್ತುಸಂಗ್ರಹಾಲಯವನ್ನು ನೋಡದೆ ಬರಬಾರದು. ಹಿಟ್ಟಿನ ಗಿರಣಿ, ಉಣ್ಣೆಯ ಬಟ್ಟೆಯನ್ನು ಸುಳಿನೀರಿನಲ್ಲಿ ಹದಗೊಳಿಸುವ ತೊಟ್ಟಿ, ತೊಗಲು ಹದಮಾಡುವ ಮನೆ, ಮದ್ದಿನ ಗಿರಣಿ ಇವೆಲ್ಲವನ್ನೂ ಅಲ್ಲಿ ದುರಸ್ತಿ ಮಾಡಿ ನಡೆಸಿ ತೋರಿಸುತ್ತಾರೆ.

ನಡೆಯುವ ಉತ್ಸಾಹವಿದ್ದವರಿಗೆ ಸ್ಟೆಮ್ನಿತ್ಸಾದಿಂದ ಲಂಗಾಡಿಯಾವರೆಗೆ 75 ಕಿಲೋಮೀಟರ್ ಸಾಗುವ ಮೈನಲೊನ್ ಕಾಲುದಾರಿ ಈ ಊರನ್ನು ಹಾದುಹೋಗುತ್ತದೆ. ಸ್ಟೆಮ್ನಿತ್ಸಾ ಮತ್ತು ದಿಮಿತ್ಸಾನದ ನಡುವಿನ ಮೊದಲ ಘಟ್ಟ ಕಮರಿಯೊಳಕ್ಕೆ ಇಳಿಯುತ್ತದೆ. ಒಂದು ದಡದ ಬಂಡೆಯ ಮೈಗೆ ಜೇನುಗೂಡಿನಂತೆ ಅಂಟಿಕೊಂಡಿರುವುದು ಪ್ರೊದ್ರೊಮೊಸ್ ಮಠ. ಎದುರು ದಡದಲ್ಲಿರುವುದು ಫಿಲೊಸೊಫೌ ಮಠ. 963ರಲ್ಲಿ ಸ್ಥಾಪಿತವಾದ ಈ ಎರಡನೆಯ ಮಠದ ಹಳೆಯ ಕಟ್ಟಡ ಈಗ ಪಾಳುಬಿದ್ದಿದೆ. ಎರಡನ್ನೂ ಸೇರಿಸುವ ಕಾಲುಹಾದಿ ನದಿಯ ತಳಕ್ಕಿಳಿದು, ಸೇತುವೆ ದಾಟಿ ಮತ್ತೆ ಏರುತ್ತದೆ. ಸೇತುವೆಯ ಬಳಿ ಕುಳಿತು ನೀರಿಗೆ ಕಾಲಿಳಿಬಿಟ್ಟರೆ, ಕಡುಬೇಸಿಗೆಯಲ್ಲೂ ಬಹಳ ಹೊತ್ತು ಇಟ್ಟುಕೊಳ್ಳಲಾಗುವುದಿಲ್ಲ. ಪೌಸಾನಿಯಸ್ ಆ ಚಳಿಯ ವಿಷಯದಲ್ಲಿ ಉತ್ಪ್ರೇಕ್ಷೆ ಮಾಡಿರಲಿಲ್ಲ.

ನಮಸ್ಕಾರ.