ಸುಮ್ಮನಿರುವುದಕ್ಕೇ ಸಂಬಳ

2017ರ ಫೆಬ್ರವರಿ 8ರ ಸಂಜೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಬಿಸಿಲು ಇಳಿದರೂ ಸೆಕೆ ಇಳಿದಿರಲಿಲ್ಲ. ಮನೆಮನೆಯಲ್ಲೂ ಎಸಿ ಓಡುತ್ತಿತ್ತು. ಪವನ ವಿದ್ಯುತ್ತಿಗೆ ಬೇಕಾದ ಗಾಳಿ ಅಂದಾಜಿಗಿಂತ ಹೆಚ್ಚೇ ಬಿದ್ದುಹೋಯಿತು, ಸೂರ್ಯ ಮುಳುಗುವ ಹೊತ್ತೂ ಆಗಿತ್ತು. ಬೇರೆ ದಾರಿ ಕಾಣದೆ ಗ್ರಿಡ್ ನಿರ್ವಾಹಕರು 100 ಮೆಗಾವಾಟ್ ಲೋಡ್ ಶೆಡ್ಡಿಂಗ್‌ಗೆ ಆದೇಶ ಕೊಟ್ಟರು. ತಂತ್ರಾಂಶದ ತಪ್ಪಿನಿಂದ ಅದರ ಮೂರು ಪಟ್ಟು ಕಡಿತವಾಯಿತು ಎಂಬುದು ಬೇರೆಯೇ ಕಥೆ. ಸುಮಾರು 90 ಸಾವಿರ ಗ್ರಾಹಕರ ಕರೆಂಟ್ ಹೋಯಿತು.

ಈಗ ಕೇಳಿ. ಅದೇ ಹೊತ್ತಿಗೆ ಅಡಿಲೇಡ್ ನಗರದ ಅಂಚಿನ ಪೆಲಿಕನ್ ಪಾಯಿಂಟ್‌ನಲ್ಲಿ ಅನಿಲ ವಿದ್ಯುತ್ ಸ್ಥಾವರದ ಒಂದು ಘಟಕ ಕೈಕಟ್ಟಿ ನಿಂತಿತ್ತು. ಅದು ಕೆಟ್ಟಿರಲಿಲ್ಲ. ಓಡಿಸಿದರೆ ಗಿಟ್ಟುವುದಿಲ್ಲ ಎಂದು ಮಾಲೀಕರು ಅದನ್ನು ಮೊದಲೇ ಬದಿಗಿಟ್ಟಿದ್ದರು. ಬೇಕು ಅನ್ನಿಸಿದಾಗ ಅಷ್ಟು ಬೇಗ ಅದನ್ನು ಚಾಲೂ ಮಾಡಲು ಆಗುತ್ತಿರಲಿಲ್ಲ.

ಗಾಳಿಯನ್ನು ನಂಬಿ ಕೆಟ್ಟರು ಎಂದು ಒಂದು ಬಣ ಕೂಗಿತು. ಅನಿಲ ಕಂಪನಿಗಳ ದುರಾಸೆ ಎಂದು ಇನ್ನೊಂದು ಬಣ ಕೂಗಿತು. ನನ್ನ ಕಣ್ಣಿಗೆ ಬಿದ್ದದ್ದು ಇಷ್ಟೇ: ಅಲ್ಲಿ ಮೆಗಾವಾಟ್‌ಗಳಿಗೆ ಕೊರತೆ ಇರಲಿಲ್ಲ, ನಿಮಿಷಗಳಿಗೆ ಇತ್ತು.

ಸೌರ, ಪವನ ವಿದ್ಯುತ್ತಿಗೆ ಜೊತೆಯಾಗಿ ಅನಿಲ ಸ್ಥಾವರ ಕಟ್ಟುತ್ತೇವೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಯಾವ ಸ್ಥಾವರ ಎಂದು. ಹೆಸರೊಂದೇ ಆದರೂ ಜಾತಿ ಬೇರೆ. ಕಂಬೈನ್ಡ್ ಸೈಕಲ್ ಎಂಬ ಬಗೆಯಲ್ಲಿ ಟರ್ಬೈನ್ ಬಿಟ್ಟ ಬಿಸಿ ಹೊಗೆಯಿಂದ ನೀರು ಕಾಯಿಸಿ, ಆ ಉಗಿಯಿಂದ ಇನ್ನೊಂದು ಟರ್ಬೈನ್ ತಿರುಗಿಸುತ್ತಾರೆ. ಇಂಧನದ ಶೇ 60ರಷ್ಟು ಶಕ್ತಿ ವಿದ್ಯುತ್ತಾಗುತ್ತದೆ, ಕಾಗದದ ಮೇಲೆ ಇದಕ್ಕಿಂತ ಚೆಲುವೆ ಇಲ್ಲ. ಆದರೆ ಅದರ ಉಗಿ ಭಾಗದ ದಪ್ಪ ಉಕ್ಕನ್ನು ಮೆಲ್ಲಮೆಲ್ಲಗೆ ಕಾಯಿಸಬೇಕು. ಅವಸರ ಮಾಡಿದರೆ ಒಳಗೂ ಹೊರಗೂ ಬಿಸಿ ಹೆಚ್ಚುಕಡಿಮೆಯಾಗಿ ಲೋಹ ಬಿರುಕು ಬಿಡುತ್ತದೆ. ಪೂರ್ತಿ ತಣ್ಣಗಾಗಿದ್ದರೆ ಗಂಟೆಗಟ್ಟಲೆ ಬೇಕು. ಹಗಲುರಾತ್ರಿ ದುಡಿಯಲು ಹುಟ್ಟಿದ ಯಂತ್ರ ಅದು. ಎದ್ದು ಅರ್ಧ ಗಂಟೆ ದುಡಿದು ಮಲಗು ಎಂದರೆ ಅದಕ್ಕೂ ಕಷ್ಟ, ನಮಗೂ ನಷ್ಟ.

ಪೆಲಿಕನ್ ಪಾಯಿಂಟ್‌ನಿಂದ ಹೆಚ್ಚು ದೂರವಿಲ್ಲದ ಟೊರೆನ್ಸ್ ದ್ವೀಪದಲ್ಲಿ 2019ರಲ್ಲಿ ಬಾರ್ಕರ್ ಇನ್ಲೆಟ್ ಎಂಬ ಸ್ಥಾವರ ಶುರುವಾಯಿತು. ಅಲ್ಲಿನ ಹಳೆಯ ಬಾಯ್ಲರ್ ಘಟಕಗಳ ಜಾಗ ತುಂಬಲು ಬಂದದ್ದು. ಅಲ್ಲಿ ಟರ್ಬೈನ್ ಇಲ್ಲ. ಹಡಗುಗಳಲ್ಲಿ ಇರುವಂಥ ದೈತ್ಯ ಪಿಸ್ಟನ್ ಎಂಜಿನ್‌ಗಳು, ಸಾಲಾಗಿ ಹನ್ನೆರಡು, ಒಟ್ಟು ಸುಮಾರು 210 ಮೆಗಾವಾಟ್. ನಿಂತಲ್ಲಿಂದ ಪೂರ್ಣ ಉತ್ಪಾದನೆಗೆ 5 ನಿಮಿಷ.

ಆ 5 ನಿಮಿಷ ಹೇಗೆ ಬರುತ್ತದೆ ಎಂಬುದು ಸೊಗಸಾದ ಸಂಗತಿ. ಇಂಥ ಎಂಜಿನ್ ನಿಂತಿದ್ದರೂ ತಣ್ಣಗಿರುವುದಿಲ್ಲ. ಅದರ ಮೈಯೊಳಗೆ ಬೆಚ್ಚಗಿನ ನೀರು ಸುತ್ತುತ್ತಲೇ ಇರುತ್ತದೆ, ಎಣ್ಣೆಯೂ ಸಿದ್ಧವಾಗಿ ಬೆಚ್ಚಗಿರುತ್ತದೆ. ಆದೇಶ ಬಂದೊಡನೆ ಒತ್ತಿಟ್ಟ ಗಾಳಿ ನುಗ್ಗಿ ಎಂಜಿನ್ನನ್ನು ತಿರುಗಿಸುತ್ತದೆ, ಬೆನ್ನಿಗೇ ಅನಿಲ ಉರಿಯುತ್ತದೆ. 50 ಹರ್ಟ್ಸ್ ಗ್ರಿಡ್ಡಿಗಾದರೆ, ಅಂದರೆ ಕರೆಂಟಿನ ಅಲೆ ಸೆಕೆಂಡಿಗೆ 50 ಸಲ ಏರಿಳಿಯುವ ಗ್ರಿಡ್ಡಿಗಾದರೆ, ನಿಮಿಷಕ್ಕೆ 500 ಸುತ್ತು. ಆಮೇಲೆ ನಿಜವಾದ ಪರೀಕ್ಷೆ. ಜನರೇಟರಿನ ಅಲೆಯೂ ಗ್ರಿಡ್ಡಿನ ಅಲೆಯೂ ಹೆಜ್ಜೆಗೆ ಹೆಜ್ಜೆ ಕೂಡಬೇಕು. ಹಳೆಯ ಕಾಲದ ಫಲಕಗಳಲ್ಲಿ ಇದಕ್ಕೆಂದೇ ಒಂದು ಮುಳ್ಳು ಇರುತ್ತಿತ್ತು. ಅದು ನಿಧಾನವಾಗಿ ಸುತ್ತಿ 12 ಗಂಟೆಯ ಜಾಗಕ್ಕೆ ಬರುವ ಗಳಿಗೆಯಲ್ಲಿ ಬ್ರೇಕರ್, ಅಂದರೆ ಗ್ರಿಡ್ಡಿಗೆ ಜೋಡಿಸುವ ಸ್ವಿಚ್ಚು, ಹಾಕಬೇಕು. ಈಗ ಆ ಕೆಲಸ ಕಂಪ್ಯೂಟರಿನದು. ಹೆಜ್ಜೆ ತಪ್ಪಿ ಜೋಡಿಸಿದರೆ ಗ್ರಿಡ್ ಎಂಜಿನ್ನಿನ ದಂಡವನ್ನೇ ಹಿಡಿದು ತಿರುಚಿಬಿಡುತ್ತದೆ.

ಇನ್ನೊಂದು ಅನುಕೂಲ ಈ ಎಂಜಿನ್‌ಗಳ ಚಿಕ್ಕತನ. ಒಂದೊಂದೂ ಸುಮಾರು 18 ಮೆಗಾವಾಟ್. 50 ಬೇಕಾದರೆ ಮೂರನ್ನು ಎಬ್ಬಿಸಿದರೆ ಸಾಕು, ಉಳಿದ ಒಂಬತ್ತು ಮಲಗಿರಲಿ. ದೊಡ್ಡ ಟರ್ಬೈನ್ ಒಂದನ್ನೇ ಅರೆಹೊಟ್ಟೆಯಲ್ಲಿ ಓಡಿಸಿದರೆ ಇಂಧನ ದಂಡ.

ನಿಮ್ಮಲ್ಲಿ ಅರ್ಧ ಜನ ಈಗಾಗಲೇ ಬ್ಯಾಟರಿ ಎಂದು ಗೊಣಗಿರುತ್ತೀರಿ. ಸರಿಯಾಗಿಯೇ ಗೊಣಗಿದ್ದೀರಿ. ಅದೇ ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನಲ್ಲಿ 2017ರ ಕೊನೆಗೆ 100 ಮೆಗಾವಾಟ್ ಬ್ಯಾಟರಿ ಬಂತು. 5 ನಿಮಿಷ ಎಂದು ಬೀಗುವ ಎಂಜಿನ್ ಅದರ ಮುಂದೆ ಆಮೆ. ಬ್ಯಾಟರಿ ಸೆಕೆಂಡಿನ ಚೂರಿನಲ್ಲಿ ಓಗೊಡುತ್ತದೆ. ಹಾಗಾಗಿ ಸಂಜೆಯ ಮೂರು ನಾಲ್ಕು ಗಂಟೆಯ ಬೇಡಿಕೆಗೆಂದು ಯಾರಾದರೂ ಅನಿಲ ಸ್ಥಾವರ ಕಟ್ಟಲು ಹೊರಟರೆ ನಾನು ಬೇಡ ಎನ್ನುತ್ತೇನೆ. ಆ ಕಾಲ ಮುಗಿಯಿತು. ಆದರೆ ಹಾರ್ನ್ಸ್‌ಡೇಲ್ ಶುರುವಾದಾಗ ಅದರ ಸಂಗ್ರಹ 129 ಮೆಗಾವಾಟ್ ಗಂಟೆ. ಪೂರ್ಣ ಬಲದಲ್ಲಿ ಓಡಿದರೆ ಒಂದು ಗಂಟೆಗೆ ಮೇಲೆ ಸ್ವಲ್ಪ. ಮೋಡ ಕವಿದು, ಗಾಳಿ ಸತ್ತು, ಮೂರನೆಯ ದಿನವೂ ಹಾಗೇ ಇದ್ದರೆ? ಜರ್ಮನ್ನರು ಇದಕ್ಕೆ ಡುಂಕೆಲ್‌ಫ್ಲೌಟೆ ಎಂದು ಹೆಸರನ್ನೇ ಇಟ್ಟುಕೊಂಡಿದ್ದಾರೆ, ಗಾಳಿಯಿಲ್ಲದ ಕತ್ತಲೆ ಎಂದಿಟ್ಟುಕೊಳ್ಳಿ. ವರ್ಷದಲ್ಲಿ ಬೆರಳೆಣಿಕೆಯ ದಿನಗಳಿಗೆಂದು ಬೆಟ್ಟದಷ್ಟು ಬ್ಯಾಟರಿ ಪೇರಿಸುವುದಕ್ಕಿಂತ ಆ ದಿನಗಳಿಗೆ ಎಂಜಿನ್ ಇಟ್ಟುಕೊಳ್ಳುವುದು ವಾಸಿ. ಅನಿಲಕ್ಕೆ ನಾನು ಬಿಡುವ ಜಾಗ ಅಷ್ಟೇ.

ಅಷ್ಟೇ ಏಕೆಂದರೆ ಇದು ಶುದ್ಧ ಇಂಧನವಲ್ಲ. ಉರಿದಾಗ ಒಂದು ಯೂನಿಟ್‌ಗೆ ಕಲ್ಲಿದ್ದಲಿನ ಸುಮಾರು ಅರ್ಧದಷ್ಟು ಇಂಗಾಲದ ಡೈಆಕ್ಸೈಡ್, ನಿಜ. ಆದರೆ ಉರಿಯದೆ ತಪ್ಪಿಸಿಕೊಂಡ ಮೀಥೇನ್ (ಈ ಅನಿಲದ ಮುಖ್ಯ ಭಾಗ ಅದೇ) 20 ವರ್ಷದ ಲೆಕ್ಕದಲ್ಲಿ ಅದಕ್ಕಿಂತ 80 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ನಾನು ಇಷ್ಟು ಹೊಗಳಿದ ಪಿಸ್ಟನ್ ಎಂಜಿನ್ನಿನಲ್ಲೇ ಹೀಗೆ ತಪ್ಪಿಸಿಕೊಳ್ಳುವುದು ಟರ್ಬೈನಿಗಿಂತ ಹೆಚ್ಚು. ಮುಂದೆ ಹೈಡ್ರೋಜನ್ ಉರಿಸುತ್ತೇವೆ ಎಂಬ ಸಮಾಧಾನದ ಮಾತೂ ಇದೆ. ಅಷ್ಟೇ ಗಾತ್ರದ ಹೈಡ್ರೋಜನ್ನಿನಲ್ಲಿ ಮೀಥೇನಿನ ಮೂರನೇ ಒಂದರಷ್ಟು ಶಕ್ತಿ ಇರುತ್ತದೆ. ಪೈಪು ಟ್ಯಾಂಕುಗಳ ಲೆಕ್ಕ ತೋರಿಸದೆ ಆ ಮಾತಾಡುವವರನ್ನು ನಾನು ನಂಬುವುದಿಲ್ಲ.

ಇಂಧನ ಬರುವ ದಾರಿಯನ್ನೂ ನೋಡಬೇಕು. 2021ರ ಫೆಬ್ರವರಿಯ ಚಳಿಯಲ್ಲಿ ಟೆಕ್ಸಾಸ್‌ನ ಅನಿಲ ಬಾವಿಗಳೇ ಹೆಪ್ಪುಗಟ್ಟಿದವು. ಲೋಡ್ ಶೆಡ್ಡಿಂಗ್ ಮಾಡಿದಾಗ ಅನಿಲ ಪೂರೈಸುವ ಕೆಲವು ಕೇಂದ್ರಗಳ ಕರೆಂಟನ್ನೇ ತೆಗೆದರು, ಅನಿಲ ಇನ್ನಷ್ಟು ಕಡಿಮೆಯಾಯಿತು. ಕೂತ ಕೊಂಬೆಯನ್ನೇ ಕಡಿದ ಹಾಗೆ. ಬಾರ್ಕರ್ ಇನ್ಲೆಟ್‌ನ ಎಂಜಿನ್‌ಗಳು ದ್ರವ ಇಂಧನದಲ್ಲೂ ಓಡಬಲ್ಲವು. ಆವರಣದೊಳಗೆ ಕೆಲವು ದಿನಕ್ಕಾಗುವಷ್ಟು ಇಂಧನದ ಟ್ಯಾಂಕ್ ಇಲ್ಲದ ತುರ್ತು ಸ್ಥಾವರ ನನ್ನ ಪ್ರಕಾರ ತುರ್ತು ಸ್ಥಾವರವೇ ಅಲ್ಲ.

ಇನ್ನು ದುಡ್ಡಿನ ಮಾತು, ಜಗಳ ಇರುವುದೇ ಅಲ್ಲಿ. ಮಾರಿದ ಯೂನಿಟ್ಟಿಗೆ ಇಷ್ಟು ಎಂದು ಹಣ ಕೊಟ್ಟರೆ ಮಾಲೀಕ ಎರಡರಲ್ಲಿ ಒಂದು ಮಾಡುತ್ತಾನೆ. ಸಿಕ್ಕ ನೆಪಕ್ಕೆಲ್ಲ ಎಂಜಿನ್ ಓಡಿಸಿ ಬಿಸಿಲಿನ ಕರೆಂಟಿಗೇ ಅಡ್ಡಗಾಲು ಹಾಕುತ್ತಾನೆ. ಇಲ್ಲವೇ ಗಿಟ್ಟುವುದಿಲ್ಲ ಎಂದು ಪೆಲಿಕನ್ ಪಾಯಿಂಟ್‌ನ ಹಾಗೆ ಬೀಗ ಹಾಕುತ್ತಾನೆ. ಆದ್ದರಿಂದ ಸಂಬಳವನ್ನು ಸುಮ್ಮನೆ ಸಿದ್ಧವಾಗಿ ಕೂತಿರುವುದಕ್ಕೇ ಕೊಡಿ. ವರ್ಷಕ್ಕೆ ಇಷ್ಟು ಗಂಟೆಗಿಂತ ಹೆಚ್ಚು ಓಡಕೂಡದು ಎಂಬ ಮಿತಿಯೂ ಅದೇ ಕರಾರಿನಲ್ಲಿರಲಿ. ಓಡದ ಯಂತ್ರಕ್ಕೆ ಜನರ ದುಡ್ಡೇ ಎಂದು ಮೊದಲ ವರ್ಷವೇ ಯಾರಾದರೂ ಕಿರುಚುತ್ತಾರೆ. ಕಿರುಚಲಿ.

ಆದರೆ ಕೂತು ಉಣ್ಣುವವನನ್ನು ಆಗಾಗ ಎಬ್ಬಿಸಿ ನೋಡಬೇಕು. 2016ರ ಸೆಪ್ಟೆಂಬರ್ 28ರಂದು ಬಿರುಗಾಳಿಗೆ ಪ್ರಸರಣ ಗೋಪುರಗಳು ಉರುಳಿ ಇಡೀ ದಕ್ಷಿಣ ಆಸ್ಟ್ರೇಲಿಯಾ ಕತ್ತಲಾಯಿತು. ಇಂಥ ದಿನಕ್ಕೆಂದೇ, ಸತ್ತ ಗ್ರಿಡ್ಡಿಗೆ ಮತ್ತೆ ಜೀವ ತುಂಬಲೆಂದೇ, ಗುತ್ತಿಗೆ ಕೊಟ್ಟು ಎರಡು ಕಡೆ ವ್ಯವಸ್ಥೆ ಇಟ್ಟಿದ್ದರು. ಎರಡೂ ಕೈಕೊಟ್ಟವು. ಕೊನೆಗೆ ಪಕ್ಕದ ವಿಕ್ಟೋರಿಯಾ ರಾಜ್ಯದಿಂದ ಬಂದ ತಂತಿಯೇ ಆಸರೆಯಾಗಬೇಕಾಯಿತು.

ಅದಕ್ಕೇ ನಾನು ಬರೆಯುವ ಕರಾರಿನಲ್ಲಿ ಇನ್ನೊಂದು ಸಾಲು ಇರುತ್ತದೆ. ತಿಂಗಳಿಗೊಮ್ಮೆ, ಮುಂಚೆ ಹೇಳದೆ, ಬೇಕಾದರೆ ನಸುಕಿನ ಮೂರು ಗಂಟೆಗೆ ಗ್ರಿಡ್ ನಿಯಂತ್ರಣ ಕೊಠಡಿಯಿಂದ ಆದೇಶ ಹೋಗುತ್ತದೆ. 5 ನಿಮಿಷದೊಳಗೆ ಹನ್ನೆರಡೂ ಎಂಜಿನ್ ಪೂರ್ತಿ ಬಲದಲ್ಲಿ ಇರಬೇಕು. ಹನ್ನೊಂದು ಮಾತ್ರ ಎದ್ದರೆ ಆ ತಿಂಗಳು ಹನ್ನೊಂದಕ್ಕೇ ಸಂಬಳ.