ಬೆಣ್ಣೆ ದೋಸೆಗೆ ಮುಂಚೆ ಅತಿಥಿಗೆ ತಲುಪಬೇಕಾದ ಪತ್ರ

ನಮಸ್ಕಾರ. ದಾವಣಗೆರೆಯಲ್ಲಿ ಬೆಳಗಿನ ಬೆಣ್ಣೆ ದೋಸೆಯಿಂದ ಆರಂಭವಾಗಿ, ಮಧ್ಯಾಹ್ನ ಖಾನಾವಳಿಯ ರೊಟ್ಟಿ ಊಟ ಮುಗಿಸಿ, ಸಂಜೆ ಮಂಡಕ್ಕಿ ಮೆಣಸಿನಕಾಯಿಯವರೆಗೆ ಮಾರ್ಗದರ್ಶಿಯೊಬ್ಬರ ಹಿಂದೆ ನಡೆದು ತಿನ್ನುವ ಆಹಾರ ಪ್ರವಾಸಗಳ ಕುರಿತು ಇಂದು ಮಾತನಾಡುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇಂಥ ಪ್ರವಾಸ ಒಳ್ಳೆಯದೋ ಕೆಟ್ಟದ್ದೋ ಎಂಬುದು ಬಹುಮಟ್ಟಿಗೆ ಹಣ ಕಟ್ಟುವ ಮುಂಚೆ ಅತಿಥಿಯ ಕೈಸೇರುವ ಮಾಹಿತಿ ಪತ್ರದಲ್ಲೇ ತೀರ್ಮಾನವಾಗುತ್ತದೆ, ಮತ್ತು ಆ ಪತ್ರದಲ್ಲಿ ಯಾರು ಬರಬಾರದು ಎಂಬ ಮಾತೂ ಇರಬೇಕು.

ಪ್ರವಾಸಕ್ಕೆ ಮುನ್ನ ಕಳಿಸುವ ಪತ್ರವನ್ನು ಇತಿಹಾಸದಿಂದ ತುಂಬಿಸುವ ಆಸೆ ಸಹಜವಾದದ್ದೇ. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಬಂದ ಚೆನ್ನಮ್ಮ ಎಂಬುವರು ನಾಟಕ ನಡೆಯುವ ಥಿಯೇಟರಿನ ಬಳಿ ರಾಗಿ ದೋಸೆ ಮಾರುತ್ತಿದ್ದರು, ಮುಂದೆ ಅವರ ಮಕ್ಕಳ ಕಾಲದಲ್ಲಿ ಅದು ಅಕ್ಕಿ ಹಿಟ್ಟಿನ ಬೆಣ್ಣೆ ದೋಸೆಯಾಯಿತು ಎಂದು ಊರಿನಲ್ಲಿ ಹೇಳಿಕೊಂಡು ಬಂದಿದ್ದಾರೆ. ಸೊಗಸಾದ ಕಥೆ, ಆದರೆ ಅದನ್ನು ಕೇಳಬೇಕಾದದ್ದು ಕಾವಲಿಯ ಮೇಲೆ ದೋಸೆ ಬೇಯುವುದನ್ನು ಕಾಯುತ್ತ ಕೂತಾಗ. ಮನೆಯಲ್ಲಿ ಕೂತು ಪತ್ರ ಓದುವವನಿಗೆ ಬೇಕಾದದ್ದು ಆ ಹಿಟ್ಟಿನಲ್ಲಿ ಏನೇನಿದೆ ಎಂಬ ವಿವರ.

ಈ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅಕ್ಕಿ, ಉದ್ದಿನಬೇಳೆ, ಮೆಂತ್ಯ ಮತ್ತು ಮಂಡಕ್ಕಿ ಸೇರಿಸಿ ರುಬ್ಬುವುದು ರೂಢಿ. ಆದರೆ ಹಿಟ್ಟಿಗೆ ಸ್ವಲ್ಪ ಮೈದಾ ಬೆರೆಸುವವರೂ ಇದ್ದಾರೆ. ದೋಸೆಯೆಂದರೆ ಅಕ್ಕಿಯದೇ ಎಂದು ನಂಬಿಕೊಂಡು ಬರುವ, ಗೋಧಿ ಒಗ್ಗದ ಅತಿಥಿಗೆ ಇದು ಸಣ್ಣ ಸಂಗತಿಯಲ್ಲ. ಒಗ್ಗರಣೆಯ ಇಂಗಿನ ಕಥೆಯೂ ಅಷ್ಟೇ: ಅಂಗಡಿಯಲ್ಲಿ ಸಿಗುವ ಕೂಟು ಇಂಗಿಗೆ ಗೋಧಿ ಹಿಟ್ಟನ್ನೋ ಮೈದಾವನ್ನೋ ಬೆರೆಸಿರುವುದು ಸಾಮಾನ್ಯ. ಇನ್ನು ಶೇಂಗಾ. ರೊಟ್ಟಿಯ ಪಕ್ಕದಲ್ಲಿ ಶೇಂಗಾ ಚಟ್ನಿ ಪುಡಿ, ಎಣ್ಣೆಗಾಯಿಯ ಮಸಾಲೆಯಲ್ಲಿ ಶೇಂಗಾ, ಒಗ್ಗರಣೆ ಮಂಡಕ್ಕಿಯಲ್ಲಿ ಶೇಂಗಾ, ಬಾಣಲೆಯಲ್ಲಿ ಹಲವೆಡೆ ಶೇಂಗಾ ಎಣ್ಣೆ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆ ಇರುವ ಸೀಮೆ ಇದು; ಇಲ್ಲಿ ಶೇಂಗಾ ತಪ್ಪಿಸಿ ದಿನವಿಡೀ ತಿನ್ನುತ್ತೇನೆ ಎನ್ನುವುದು ನಡೆಯುವ ಮಾತಲ್ಲ. ಆದ್ದರಿಂದ ಶೇಂಗಾದ ತೀವ್ರ ಅಲರ್ಜಿ ಇರುವವರಿಗೆ "ಮೊದಲೇ ತಿಳಿಸಿದರೆ ವ್ಯವಸ್ಥೆ ಮಾಡುತ್ತೇವೆ" ಎಂದು ಬರೆಯುವುದನ್ನು ನಾನು ಬೇಜವಾಬ್ದಾರಿ ಎಂದೇ ಕರೆಯುತ್ತೇನೆ. ಒಂದೇ ಜಾರೆ, ಒಂದೇ ಬಾಣಲೆ, ಒಂದೇ ಬಟ್ಟೆಯಲ್ಲಿ ಒರೆಸಿದ ತಟ್ಟೆಗಳಿರುವ ಕಡೆ ಯಾವ ವ್ಯವಸ್ಥೆಯೂ ಪೂರ್ತಿ ಆಗುವುದಿಲ್ಲ. ಈ ಪ್ರವಾಸ ನಿಮಗೆ ಸುರಕ್ಷಿತವಲ್ಲ ಎಂದು ಬರೆದು ಕಳಿಸುವುದೇ ಆ ಅತಿಥಿಗೆ ಮಾಡುವ ಉಪಚಾರ.

ಇದು ಹೋಟೆಲಿನವರ ಹೊಣೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಹೊರಡಿಸಿದ ಲೇಬಲಿಂಗ್ ನಿಯಮಗಳು ಮೆನುವಿನಲ್ಲಿ ಕ್ಯಾಲೊರಿಯನ್ನೂ ಅಲರ್ಜಿಯ ಪದಾರ್ಥಗಳನ್ನೂ ತಿಳಿಸುವ ಹೊಣೆ ಹೊರಿಸುವುದು ಕೇಂದ್ರ ಪರವಾನಗಿ ಪಡೆದ ಅಥವಾ ಹತ್ತು, ಅದಕ್ಕೂ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳ ಮೇಲೆ. ನಾಲ್ಕು ಮೇಜು, ಒಂದು ಕಟ್ಟಿಗೆ ಒಲೆ ಇರುವ ದೋಸೆ ಹೋಟೆಲಿನ ಗೋಡೆಯ ಮೇಲೆ ದರಪಟ್ಟಿ ಇದ್ದರೆ ಅದೇ ಹೆಚ್ಚು. ಅಪರಿಚಿತರನ್ನು ಹಣ ಪಡೆದು ಅಲ್ಲಿಗೆ ಕರೆದುಕೊಂಡು ಹೋಗುವವರು ಮಾರ್ಗದರ್ಶಿಗಳು. ಭಟ್ಟರ ಬಳಿ ಕೂತು ವಿಚಾರಿಸಿ ಬರೆದುಕೊಳ್ಳುವ ಕೆಲಸ ಅವರದ್ದೇ.

ಬೆಣ್ಣೆಯ ಬಗ್ಗೆ ಎರಡು ಮಾತು. ಬೆಣ್ಣೆ ಕಡಿಮೆ ಹಾಕಿ ಎಂದು ಕೇಳಬಹುದು, ಕೇಳಿದರೆ ಹಾಕುತ್ತಾರೆ. ಬೆಣ್ಣೆಯೇ ಬೇಡ ಎನ್ನುವವರು ಬೆಣ್ಣೆ ದೋಸೆಯ ಊರಿಗೆ ಹಣ ಕೊಟ್ಟು ಬರುವ ಅಗತ್ಯವಿಲ್ಲವೆಂದು ನನ್ನ ವೈಯಕ್ತಿಕ ಅನಿಸಿಕೆ. ಸಸ್ಯಜನ್ಯ ಆಹಾರವನ್ನಷ್ಟೇ ತಿನ್ನುವವರಿಗೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಜೋಳದ ರೊಟ್ಟಿ, ಕಾಳು ಪಲ್ಯ ಧಾರಾಳವಾಗಿ ಸಿಗುತ್ತವೆ, ಆದರೆ ಬೆಳಗಿನ ಹೊತ್ತು ಅವರಿಗೆ ಖಾಲಿ ಹೋಗುತ್ತದೆ ಎಂಬುದನ್ನು ಪತ್ರದಲ್ಲಿ ಮುಚ್ಚಿಡಬಾರದು.

ಎಷ್ಟು ತಿನ್ನಬೇಕೆಂಬುದನ್ನೂ ಮುಂಚೆಯೇ ಹೇಳಬೇಕು. ಲಾಡ್ಜಿನಲ್ಲಿ ಉಚಿತವಾಗಿ ಕೊಡುವ ತಿಂಡಿಯನ್ನು ಮುಗಿಸಿಕೊಂಡು ಬಂದವನು ಮೊದಲ ದೋಸೆಗೇ ಸೋಲುತ್ತಾನೆ. ಮೊದಲ ಹೋಟೆಲಿನಲ್ಲಿ ಖಾಲಿ ದೋಸೆಯೊಂದು, ಓಪನ್ ದೋಸೆಯೊಂದು ತರಿಸಿ ಇಬ್ಬರು ಹಂಚಿಕೊಂಡರೆ ಸಾಕು; ಬಿಳಿ ಬೆಣ್ಣೆಯ ಮುದ್ದೆ, ಅರಿಶಿನವಿಲ್ಲದ ಆಲೂಗಡ್ಡೆ ಪಲ್ಯ, ತೆಳ್ಳಗಿನ ಕಾಯಿ ಚಟ್ನಿ ಇವುಗಳ ರುಚಿ ತಿಳಿಯಲು ಹೊಟ್ಟೆ ಬಿರಿಯಬೇಕಾಗಿಲ್ಲ. ಸಾಂಬಾರ್ ಕೇಳಿ ಮುಖ ಸಣ್ಣದು ಮಾಡಿಕೊಳ್ಳುವವರಿಗೆ ಅದು ಈ ದೋಸೆಯ ಜೊತೆಗಾರನಲ್ಲವೆಂದು ಮುಂಚೆಯೇ ಹೇಳಿಡುವುದು ಒಳ್ಳೆಯದು. ತಂಡವೂ ಚಿಕ್ಕದಿರಬೇಕು. ಒಂದು ಕಾವಲಿಯ ಮೇಲೆ ಒಂದು ಸಲಕ್ಕೆ ಬೇಯುವ ದೋಸೆಗಳಿಗೆ ಮಿತಿಯಿದೆ. ಇಪ್ಪತ್ತು ಜನ ಒಟ್ಟಿಗೆ ನುಗ್ಗಿದರೆ ದಿನವೂ ಕೆಲಸಕ್ಕೆ ಹೋಗುವ ಮುನ್ನ ಅಲ್ಲಿ ತಿಂದು ಹೋಗುವವರು ಬೀದಿಯಲ್ಲಿ ನಿಲ್ಲಬೇಕಾಗುತ್ತದೆ. ಆರೆಂಟು ಜನಕ್ಕಿಂತ ಹೆಚ್ಚು ಸೇರಿಸಿಕೊಳ್ಳುವ ಪ್ರವಾಸವನ್ನು ನಾನಂತೂ ಯಾರಿಗೂ ಶಿಫಾರಸು ಮಾಡುವುದಿಲ್ಲ.

ಮಂಡಕ್ಕಿ ಭಟ್ಟಿಗಳನ್ನು ತೋರಿಸುವುದಿದ್ದರೆ ಪತ್ರ ಇನ್ನೂ ಎಚ್ಚರದಿಂದಿರಬೇಕು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ಬಿಡಿಸಿ, ಉಪ್ಪು ಬೆರೆಸಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದಾಗ ಅದು ಅರಳಿ ಮಂಡಕ್ಕಿಯಾಗುತ್ತದೆ. ಭದ್ರಾ ನಾಲೆಯ ನೀರು ಈ ಸೀಮೆಯನ್ನು ಭತ್ತದ ಸೀಮೆಯಾಗಿಸಿದ್ದಕ್ಕೂ ಊರಿನ ಮಂಡಕ್ಕಿಗೂ ನೇರವಾದ ನಂಟಿದೆ. ನೋಡಲು ಯೋಗ್ಯವಾದ ಕೆಲಸವೇ ಹೌದು. ಆದರೆ ಅಲ್ಲಿ ಹೊಗೆ ದಟ್ಟವಾಗಿರುತ್ತದೆ, ನೆಲ ಸುಡುತ್ತದೆ, ಉಬ್ಬಸ ಇರುವವರು ಒಳಗೆ ಕಾಲಿಡಬಾರದು, ಪಾದ ಮುಚ್ಚುವ ಚಪ್ಪಲಿ ಬೇಕು. ಕೆಲಸಗಾರರ ಮುಖದ ಹತ್ತಿರ ಕ್ಯಾಮೆರಾ ಹಿಡಿಯುವ ಮುನ್ನ ಕೇಳಬೇಕು; ಬೇಡ ಎಂದರೆ ಎರಡನೆಯ ಸಲ ಕೇಳಬಾರದು. ಬೆವರು ಸುರಿಸಿ ದುಡಿಯುವವರನ್ನು ಪ್ರದರ್ಶನದ ವಸ್ತುವಾಗಿಸುವುದಾದರೆ ಆ ನಿಲುಗಡೆಯನ್ನೇ ಕೈಬಿಡುವುದು ಮೇಲು.

ಚಿತ್ರದುರ್ಗವನ್ನೂ ಅದೇ ದಿನಕ್ಕೆ ಸೇರಿಸುವ ಪ್ರವಾಸಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಯನ್ನು ಕೇಳಲೇಬೇಕು. ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್, ಒಂದು ಗಂಟೆಯ ಹಾದಿ. ಬೆಣ್ಣೆ ದೋಸೆ ತಿಂದು, ಹತ್ತೂವರೆಯ ಬಿಸಿಲಿಗೆ ಏಳು ಸುತ್ತಿನ ಕೋಟೆಯ ಕಲ್ಲು ಮೆಟ್ಟಿಲು ಹತ್ತಿಸಿ, ಓಬವ್ವನ ಕಿಂಡಿಯ ಮುಂದೆ ನಿಲ್ಲಿಸುವುದು ಅತಿಥಿಗೆ ಕೊಡುವ ಶಿಕ್ಷೆ. ಮಾರ್ಚ್‌ನಿಂದ ಮೇವರೆಗೆ ಉಷ್ಣಾಂಶ 40 ಡಿಗ್ರಿಯ ಹತ್ತಿರ ಹೋಗುವ ಬಯಲುಸೀಮೆ ಇದು. ನಸುಕಿನಲ್ಲಿ ಕೋಟೆ ಹತ್ತಿಳಿದು, ಹಸಿದು ಬಂದು ಮುದ್ದೆ ಊಟಕ್ಕೆ ಕೂರುವ ಕ್ರಮವೇ ಸರಿ. ದೋಸೆಗೆ ಇನ್ನೊಂದು ಬೆಳಗನ್ನು ಇಟ್ಟುಕೊಳ್ಳಬಹುದು.

ಮಾಂಸಾಹಾರದ ಮಾತನ್ನು ಪತ್ರಗಳು ನಯವಾಗಿ ಜಾರಿಸಿಬಿಡುತ್ತವೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ನಡೆಯುವಾಗ ದಾವಣಗೆರೆಯ ಅನೇಕ ಮನೆಗಳಲ್ಲಿ ಬಾಡೂಟದ ಸಂಭ್ರಮವಿರುತ್ತದೆ, ನೆಂಟರಿಂದ ಊರು ತುಂಬಿರುತ್ತದೆ, ಲಾಡ್ಜಿನಲ್ಲಿ ಕೋಣೆ ಸಿಗುವುದು ಕಷ್ಟ. ಆ ದಿನಗಳಲ್ಲಿ ಬರುವವರಿಗೆ ಯಾವ ನಿಲುಗಡೆಯಲ್ಲಿ ಏನು ಬೇಯುತ್ತದೆಂದು ಸ್ಪಷ್ಟವಾಗಿ ತಿಳಿಸಿದರೆ ತಿನ್ನುವವರೂ ತಿನ್ನದವರೂ ಮುಜುಗರವಿಲ್ಲದೆ ಇರಬಹುದು.

ಉಳಿದದ್ದು ಸಣ್ಣಪುಟ್ಟದ್ದು, ಆದರೂ ಬಿಡುವಂತಿಲ್ಲ. ಕುಡಿಯುವ ನೀರು ಸ್ವಂತದ್ದಿರಲಿ. ಶೌಚಾಲಯ ಯಾವ ನಿಲುಗಡೆಯಲ್ಲಿದೆ, ಯಾವುದರಲ್ಲಿಲ್ಲ ಎಂಬುದನ್ನು ಬರೆಯಲು ಸಂಕೋಚಪಡುವ ಆಯೋಜಕರು ಹಿರಿಯರನ್ನೂ ಮಹಿಳೆಯರನ್ನೂ ಕರೆಯಬಾರದು. ಬೆಂಗಳೂರಿನಿಂದ ಸುಮಾರು 260 ಕಿಲೋಮೀಟರ್ ದೂರ ಬರುವವರಿಗೆ ರೈಲು ಅನುಕೂಲ. ಊರು ಹುಬ್ಬಳ್ಳಿ ಮಾರ್ಗದಲ್ಲೇ ಇದೆ. ಕಟ್ಟಿದ ಹಣದಲ್ಲಿ ತಿಂದದ್ದರ ಬಿಲ್ಲೂ ಸೇರಿದೆಯೇ, ಅದರಲ್ಲಿ ಹೋಟೆಲಿಗೆ ತಲುಪುವುದೆಷ್ಟು ಎಂದು ಕಾಯ್ದಿರಿಸುವಾಗಲೇ ವಿಚಾರಿಸಿ. ಉತ್ತರ ಕೊಡಲು ಹಿಂಜರಿಯುವವರ ಜೊತೆ ಹೋಗುವುದಕ್ಕಿಂತ, ಬೆಳಿಗ್ಗೆ ಏಳೂವರೆಗೆ ನೀವೇ ಆಟೋ ಹತ್ತಿ, ಚಾಲಕ ಎಲ್ಲಿ ದೋಸೆ ತಿನ್ನುತ್ತಾನೋ ಅಲ್ಲಿಗೆ ಬಿಡಲು ಹೇಳಿ.